ಒಂದು ಥರ್ಮೋಸ್ಟಾಟ್, ಎರಡು ಸಂಸಾರ

ದೋಹಾದ ಆ ಬೇಸಿಗೆಯಲ್ಲಿ ನನಗೆ ಕೂತರೆ ಕೂರಲಾಗುತ್ತಿರಲಿಲ್ಲ, ನಿಂತರೆ ನಿಲ್ಲಲಾಗುತ್ತಿರಲಿಲ್ಲ. ಐವತ್ತು ಹತ್ತಿರ ಬಂದಿತ್ತು. ಅಕ್ಕಿ ತೊಳೆಯುತ್ತಿರುವಾಗಲೋ ಫೋನಿನಲ್ಲಿ ಮಾತಾಡುತ್ತಿರುವಾಗಲೋ ಇದ್ದಕ್ಕಿದ್ದಂತೆ ಎದೆಯಿಂದ ಒಂದು ಕಾವು ಎದ್ದು ಕುತ್ತಿಗೆ, ಕಿವಿ, ನೆತ್ತಿ ಹತ್ತುತ್ತಿತ್ತು. ರವಿಕೆ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಈ ವಯಸ್ಸಿಗೆ ಎಲ್ಲ ಹೆಂಗಸರಿಗೂ ಬರುತ್ತದೆ, ಹೋಗುತ್ತದೆ ಎಂದು ಕಳಿಸಿಬಿಟ್ಟಿದ್ದರು. ಎಲ್ಲರಿಗೂ ಬರುತ್ತದೆ ಎಂದ ಮಾತ್ರಕ್ಕೆ ನನ್ನ ಸೆಕೆ ಕಮ್ಮಿಯಾದೀತೆ? ನಾನು ಫ್ರಿಜ್ಜಿನ ಬಾಗಿಲು ತೆರೆದು ತಲೆ ಒಳಗಿಟ್ಟು ನಿಲ್ಲುತ್ತಿದ್ದೆ. ನನ್ನ ಗಂಡ ಹಿಂದಿನಿಂದ, "ಏನು ಹುಡುಕ್ತಿದೀಯ?" ಅನ್ನುತ್ತಿದ್ದರು. "ನೆಮ್ಮದಿ" ಅನ್ನುತ್ತಿದ್ದೆ. "ಮೊಸರಿನ ಡಬ್ಬಿ ಹಿಂದೆ ನೋಡು" ಅನ್ನುತ್ತಿದ್ದರು ಪುಣ್ಯಾತ್ಮರು.

ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಶಾಲೆಗೆ ರಜೆ, ಗಂಡನಿಗೆ ಆಫೀಸಿನಲ್ಲಿ ರಜೆ ಇಲ್ಲ. ಮಗಳು ಮೈಸೂರಿನ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಳು. ಹಾಗಾಗಿ ಜುಲೈ ತಿಂಗಳು ಪೂರ್ತಿ ನಾನೊಬ್ಬಳೇ ಮನೆಯೊಳಗೆ, ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ.

ಮನೆ ಎಂದರೆ ಪೂರ್ತಿ ಮನೆಯಲ್ಲ. ನಾವಿದ್ದ ಬಡಾವಣೆ ಮುಐದರ್‌ನಲ್ಲಿ ದೊಡ್ಡ ದೊಡ್ಡ ವಿಲ್ಲಾಗಳನ್ನು ಮಾಲೀಕರು ಸಂಕ್ರಾಂತಿಯ ಕಬ್ಬಿನ ಹಾಗೆ ತುಂಡು ಮಾಡಿ ಬಾಡಿಗೆಗೆ ಕೊಡುತ್ತಾರೆ. ನಮ್ಮದು ನೆಲಮಹಡಿಯ ಅರ್ಧ. ಹಾಲಿನ ನಡುವೆ ಜಿಪ್ಸಮ್ ಹಲಗೆಯ ಗೋಡೆ ಎಬ್ಬಿಸಿ ಒಂದನ್ನು ಎರಡು ಮಾಡಿದ್ದರು. ಅಡುಗೆಮನೆ, ಬಾಗಿಲು, ಚಪ್ಪಲಿ ಸ್ಟ್ಯಾಂಡು ಎಲ್ಲ ಎರಡಾಯಿತು, ಎ.ಸಿ. ಮಾತ್ರ ಒಂದೇ ಉಳಿಯಿತು. ತಾರಸಿಯ ಮೇಲಿನ ಒಂದೇ ಯಂತ್ರ, ಸೂರಿನೊಳಗಿನ ಕೊಳವೆಗಳಲ್ಲಿ ಎರಡೂ ಮನೆಗೆ ಗಾಳಿ ಊದುತ್ತಿತ್ತು. ಅದಕ್ಕೆ ಎಷ್ಟು ತಂಪು ಬೇಕು ಎಂದು ಹೇಳುವ ಥರ್ಮೋಸ್ಟಾಟೂ ಒಂದೇ. ಅದು ಹೊಸ ಗೋಡೆಯ ಮೇಲೆ, ನಮ್ಮ ಕಡೆಗೆ ಬಂದಿತ್ತು. ಹಳದಿಗಟ್ಟಿದ ಪ್ಲಾಸ್ಟಿಕ್ ಡಬ್ಬಿ, ಮುಂದೆ ತಿರುಗಿಸುವ ಒಂದು ಗುಂಡಿ, ಸುತ್ತ ಅಂಕಿಗಳು. ಗೋಡೆಯಾಚೆಯ ಸಂಸಾರದ ಸೆಕೆ ಚಳಿ ಎಲ್ಲ ನನ್ನ ಬೆರಳ ತುದಿಯಲ್ಲಿತ್ತು ಎಂದರೂ ಸರಿಯೇ.

ಆ ಕಡೆ ಇದ್ದವಳು ಮಂಗಳೂರಿನ ಕಡೆಯ ಬ್ಯಾರಿ ಹುಡುಗಿ. ಗಂಡನಿಗೆ ಬಟ್ಟೆ ಅಂಗಡಿ, ಬೆಳಿಗ್ಗೆ ಹೋದರೆ ರಾತ್ರಿಯೇ. ಮದುವೆಯಾಗಿ ಬಂದ ಮೊದಲ ವಾರದಲ್ಲೇ ಅವಳು ಗೋಡೆಗೆ ಎರಡು ಸಲ ಕುಟ್ಟಿ, "ಅಕ್ಕಾ, ಚಾ ಮಾಡಿದ್ದೇನೆ, ಬರ್ತೀರಾ?" ಎಂದು ಕೂಗಿದ್ದಳು. ಅವತ್ತಿನಿಂದ ಎರಡು ಸಲ ಕುಟ್ಟಿದರೆ ಚಹಾ ಎಂದೇ ಅರ್ಥ. ಕೂಗಿದರೆ ಕೇಳುವಷ್ಟು ತೆಳ್ಳಗಿನ ಗೋಡೆ, ಆದರೆ ಹೋಗಬೇಕಾದರೆ ನಮ್ಮ ಬಾಗಿಲಿನಿಂದ ಹೊರಟು, ನೀರಿನ ಟ್ಯಾಂಕು ಸುತ್ತಿ, ಹಿತ್ತಲ ಬಾಗಿಲಿಗೆ ಹೋಗಬೇಕು. ಆ ಬಿಸಿಲಿನಲ್ಲೂ ಹೋಗುತ್ತಿದ್ದೆ. ಇಷ್ಟು ವರ್ಷದ ದೋಹಾದಲ್ಲಿ ನನಗೆ ಸಹೋದ್ಯೋಗಿಗಳಿದ್ದರು, ಹಬ್ಬಕ್ಕೆ ಸೇರುವವರಿದ್ದರು. ತಲೆ ಬಾಚದೆ ಹೋಗಿ ಕೂರಬಹುದಾದ ಮನೆ ಅದೊಂದೇ.

ಜೂನ್ ಕೊನೆಗೆ ಅವಳಿಗೆ ಹೆರಿಗೆಯಾಯಿತು. ಗಂಡು ಮಗು. ಬಾಣಂತನಕ್ಕೆಂದು ಊರಿನಿಂದ ಅವಳ ತಾಯಿ ಬಂದರು. ಅವಳು 'ಉಮ್ಮ' ಎನ್ನುತ್ತಿದ್ದ ಆ ಹೆಂಗಸು ಇಷ್ಟು ಎತ್ತರ, ಇಷ್ಟು ಅಗಲ, ತಲೆ ಮೇಲೆ ಬಿಳಿ ಬಟ್ಟೆ. ಎಣ್ಣೆ, ಕಷಾಯದ ಪುಡಿ, ಮೆಂತೆ, ಸಾಂಬ್ರಾಣಿ ಎಲ್ಲ ಸೂಟ್‌ಕೇಸಿನಲ್ಲಿ ತುಂಬಿಸಿಕೊಂಡು ಬಂದಿದ್ದರಂತೆ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ? ನನ್ನ ಮಗಳು ಹುಟ್ಟಿದಾಗ ಅಪ್ಪನಿಗೆ ಹುಷಾರಿಲ್ಲದೆ ಅಮ್ಮ ಬರಲಾಗಲಿಲ್ಲ. ನನ್ನ ಬಾಣಂತನ ಮಾಡಿದ್ದು ನನ್ನ ಗಂಡ. ಅಮ್ಮ ಫೋನಿನಲ್ಲಿ ಹೇಳುತ್ತಾ ಹೋದಂತೆ ಅವರು ಮೆಣಸಿನ ಸಾರು ಕುದಿಸಿ, ಅದರಲ್ಲಿ ಉಪ್ಪು ಮರೆತು, ನಾನು ಅಳುತ್ತಾ ಕುಡಿದಿದ್ದೆ. ನನ್ನ ತಲೆಗೆ ಎಣ್ಣೆ ಹಾಕಿ ನೀರು ಹುಯ್ಯುವವರು ಯಾರೂ ಇರಲಿಲ್ಲ.

ಉಮ್ಮ ಬಂದ ಮೇಲೆ ಗೋಡೆ ಕುಟ್ಟುವುದು ನಿಂತಿತು. ಬಾಣಂತಿ ಮಲಗಿರಬೇಕು, ಎದ್ದು ಚಹಾ ಮಾಡಲಾಗುತ್ತದೆಯೇ ಎಂದು ನಾನೂ ಸುಮ್ಮನಿದ್ದೆ. ಅದೇ ಹೊತ್ತಿಗೆ ನಮ್ಮ ಎ.ಸಿ.ಗೆ ಒಳ್ಳೆಯ ಬುದ್ಧಿ ಬಂದಂತಾಯಿತು. ಮೊದಲೆಲ್ಲ ಸ್ವಲ್ಪ ಓಡಿ, ಟಕ್ ಎಂದು ನಿಂತು, ನಾನು ಬೆವೆತು ಬೇಸತ್ತ ಮೇಲೆ ಮತ್ತೆ ಓಡುತ್ತಿದ್ದುದು, ಈಗ ನಿಲ್ಲುವುದನ್ನೇ ಬಿಟ್ಟಿತು. ಬೆಳಗಿನಿಂದ ಸಂಜೆವರೆಗೆ ಕೊರೆಯುವ ಗಾಳಿ. ನನಗೋ ಸ್ವರ್ಗ. ಗಂಡ ಮಾತ್ರ ಮನೆಯೊಳಗೆ ಸ್ವೆಟರು ಹಾಕಿ ಮಂಕಿ ಕ್ಯಾಪ್ ತೊಟ್ಟು ಕೂರುತ್ತಿದ್ದರು. "ಇದು ದೋಹಾನೋ ಊಟಿನೋ?" ಎಂದು ಗೊಣಗಿದರೆ, "ಊಟಿಗೆ ಕರ್ಕೊಂಡ್ ಹೋಗ್ತೀನಿ ಅಂತ ಮದುವೆ ಆದಾಗಿಂದ ಹೇಳ್ತಿದ್ರಲ್ಲ, ಈಗ ಬಂತು ನೋಡಿ" ಅನ್ನುತ್ತಿದ್ದೆ.

ಒಂದು ಮಧ್ಯಾಹ್ನ ಫೋನು ಬಂತು. ಗೋಡೆಯಾಚೆಯಿಂದ ಫೋನು! ಅದರಲ್ಲೇ ಏನೋ ಸರಿಯಿಲ್ಲ ಎಂದು ನನಗೆ ತಿಳಿಯಬೇಕಿತ್ತು.

"ಅಕ್ಕ, ಒಂದು ಹೇಳ್ಲಿಕ್ಕುಂಟು. ಬೇಜಾರು ಮಾಡ್ಬೇಡಿ ಆಯ್ತಾ? ಇಲ್ಲಿ ತುಂಬಾ ಚಳಿ ಆಗ್ತದೆ. ಮಗುಗೆ ಮೂಗು ಕಟ್ಟಿದೆ. ಉಮ್ಮ ಎ.ಸಿ. ಗ್ರಿಲ್ಲಿಗೆ ಬಟ್ಟೆ ತುರುಕಿದ್ರು, ಅದ್ರಿಂದ ನೀರು ತೊಟ್ಟಿಕ್ಲಿಕ್ಕೆ ಶುರುವಾಯ್ತು. ನೀವು ಸ್ವಲ್ಪ ಕಮ್ಮಿ ಮಾಡ್ತೀರಾ?"

"ಅಯ್ಯೋ, ಮೊದಲೇ ಹೇಳ್ಬಾರ್ದಾ? ಈಗ್ಲೇ ಮಾಡ್ತೀನಿ" ಎಂದೆ. ಇಪ್ಪತ್ತರಲ್ಲಿದ್ದ ಗುಂಡಿಯನ್ನು ಇಪ್ಪತ್ತಾರಕ್ಕೆ ತಿರುಗಿಸಿದೆ. ಅದರ ಪಕ್ಕದಿಂದ ಸಾಂಬ್ರಾಣಿಯ ವಾಸನೆ ತೇಲಿ ಬಂತು. ಆಹಾ, ಅವಳಿಗೆ ತಲೆಗೆ ನೀರು ಹಾಕಿದ್ದಾರೆ ಎಂದುಕೊಂಡು ಒಂದು ಒದ್ದೆ ಟವೆಲ್ ಕುತ್ತಿಗೆಗೆ ಸುತ್ತಿಕೊಂಡು, ಬರುವ ಸೆಕೆಯನ್ನು ಕಾಯುತ್ತಾ ಕೂತೆ.

ಸೆಕೆ ಬರಲಿಲ್ಲ. ಎ.ಸಿ. ನಿಲ್ಲಲೇ ಇಲ್ಲ. ಇಪ್ಪತ್ತೇಳಕ್ಕೆ ತಿರುಗಿಸಿದೆ. ಊಹೂಂ. ಅದು ನನ್ನ ಮಾತು ಕೇಳುವುದನ್ನು ಬಿಟ್ಟಂತಿತ್ತು.

ಮರುದಿನ ಮತ್ತೆ ಫೋನು. ಈ ಸಲ ದನಿ ಸಣ್ಣದಾಗಿತ್ತು. "ಅಕ್ಕ, ಕಮ್ಮಿ ಮಾಡ್ಲಿಲ್ವಾ?"

"ಮಾಡಿದೀನಿ ಕಣೇ! ನಿನ್ನೆಯಿಂದ ಇಪ್ಪತ್ತಾರು ಇಪ್ಪತ್ತೇಳರಲ್ಲಿದೆ!"

ಹಿಂದಿನಿಂದ ಉಮ್ಮ ಬ್ಯಾರಿ ಮಾತಿನಲ್ಲಿ ಏನೋ ಹೇಳುವುದು ಕೇಳಿಸಿತು. ಅರ್ಥವಾಗಲಿಲ್ಲ, ಧಾಟಿ ಅರ್ಥವಾಯಿತು. ಆಮೇಲೆ ಅವಳೆಂದಳು, "ಇವರ ಅಕ್ಕನ ಫ್ಲ್ಯಾಟ್ ಉಂಟು ಮನ್ಸೂರಾದಲ್ಲಿ. ಅಲ್ಲಿಗೆ ಹೋಗುವಾ ಅಂತ ಉಮ್ಮ ಹೇಳ್ತಿದ್ದಾರೆ. ಇವರೂ ಹಾಗೇ, ಇದನ್ನು ಬಿಟ್ಟು ಅಲ್ಲೇ ಹತ್ತಿರ ಎಲ್ಲಾದ್ರೂ ನೋಡುವಾ ಅಂತ."

ಫೋನಿಟ್ಟವಳೇ ನಾನು ಉರಿದುಬಿದ್ದೆ. ನಾನು ಸುಳ್ಳು ಹೇಳುತ್ತೇನೆಯೇ? ಹಸಿ ಬಾಣಂತಿ, ಹಸುಗೂಸು ಇರುವ ಮನೆಗೆ ಬೇಕೆಂದೇ ಥಂಡಿ ಊದುತ್ತೇನೆಯೇ? ಮನೆ ಉದ್ದಕ್ಕೂ ನಡೆದೆ, ಬೈದೆ, ಬೆವೆತೆ. ಬೈಗುಳ ಮುಗಿದ ಮೇಲೆ ಉಳಿದದ್ದು ಹೆದರಿಕೆ. ಅವರು ಹೋಗಿಬಿಟ್ಟರೆ ಈ ಗೋಡೆಯನ್ನು ಇನ್ನು ಯಾರು ಕುಟ್ಟುತ್ತಾರೆ? ಹೋಗುವುದಲ್ಲದೆ, ನನ್ನನ್ನು ಕೆಟ್ಟ ಹೆಂಗಸು ಎಂದುಕೊಂಡು ಹೋಗುತ್ತಾರೆ. ಅದನ್ನು ನೆನೆಸಿಕೊಂಡರೆ ಊಟ ಸೇರುತ್ತಿರಲಿಲ್ಲ.

ಎ.ಸಿ.ಯನ್ನೇ ಆರಿಸಿ ನೋಡಿದೆವು. ಸ್ವಲ್ಪ ಹೊತ್ತಿನಲ್ಲೇ ಎರಡೂ ಮನೆ ಇಡ್ಲಿ ಪಾತ್ರೆಯಾಯಿತು, ಮಗು ಕಿರುಚಲು ಶುರುಮಾಡಿತು. ವಿಲ್ಲಾದ ವಾಚ್‌ಮನ್ ಬಂದು ಗುಂಡಿಯನ್ನು ಅತ್ತ ಇತ್ತ ತಿರುಗಿಸಿ, "ಥರ್ಮೋಸ್ಟಾಟ್ ಖಲಾಸ್" ಎಂದು ತೀರ್ಪು ಕೊಟ್ಟ. ಹೊಸದನ್ನು ನಾವೇ ತಂದರೆ ಹಾಕಿಕೊಡುತ್ತಾನಂತೆ.

ನನ್ನ ಗಂಡನ ಕಣ್ಣು ಅರಳಿದ್ದು ಆಗ. ಅವರು ಕಟ್ಟಡದ ಕಂಪನಿಯಲ್ಲಿ ಸಾಮಾನುಗಳ ಲೆಕ್ಕ ಹಾಕುವವರು. ಬಾಂಡ್ಲಿ ಕೊಳ್ಳುವುದಕ್ಕೂ ನಾಲ್ಕು ಅಂಗಡಿ ಹೋಲಿಸುವ ಜಾತಿ. ಶುಕ್ರವಾರ ಮನ್ಸೂರಾದಲ್ಲಿ ದೋಸೆ ತಿನ್ನಿಸುತ್ತೇನೆ ಎಂದು ಕರೆದುಕೊಂಡು ಹೋಗಿ, ದೋಸೆ ಇಳಿಯುವ ಮೊದಲೇ ಎಲೆಕ್ಟ್ರಿಕಲ್ ಅಂಗಡಿಗಳಿಗೆ ಅಲೆಸಿದರು. ಒಬ್ಬ ಕೇಳಿದ, ಎಷ್ಟು ವೈರಿನದು? ಇನ್ನೊಬ್ಬ ಕೇಳಿದ, ಎಷ್ಟು ವೋಲ್ಟಿನದು? ಗಂಡ ಫೋನಿನಲ್ಲಿ ತೆಗೆದುಕೊಂಡು ಹೋಗಿದ್ದ ಫೋಟೋವನ್ನು ಎಲ್ಲರಿಗೂ ಹೆಣ್ಣಿನ ಫೋಟೋ ತೋರಿಸಿದ ಹಾಗೆ ತೋರಿಸಿದರು. ಅಂಗಡಿಗಳಲ್ಲಿ ಬಗೆಬಗೆಯವು: ಗುಂಡಿ ತಿರುಗಿಸುವುದು, ಬಟನ್ ಒತ್ತುವುದು, ವಾರಕ್ಕೆಲ್ಲ ಮೊದಲೇ ಹೇಳಿಟ್ಟರೆ ತಾನೇ ಏರಿಸಿ ಇಳಿಸುವುದು, ಆಫೀಸಿನಲ್ಲಿ ಕೂತು ಫೋನಿನಿಂದಲೇ ಆಡಿಸುವುದು.

"ಫೋನಿಂದು ತಗೊಳ್ಳೋಣ ಕಣೇ. ನಾನು ಆಫೀಸಿಂದ್ಲೇ ನೋಡ್ಕೋತೀನಿ."

"ನೀವು ಆಫೀಸಲ್ಲಿ ಕೂತ್ಕೊಂಡು ನನ್ನ ಸೆಕೆ ನೋಡ್ಕೋಬೇಡಿ" ಎಂದೆ.

ನನಗೆ ಕಣ್ಣಿಗೆ ಕಾಣುವ ಅಂಕಿ ಬೇಕಿತ್ತು. ದೊಡ್ಡದಾಗಿ, ಫೋಟೋ ತೆಗೆದು ಕಳಿಸಿದರೆ ಉಮ್ಮನಿಗೂ ಕಾಣುವಂತೆ. ಕೊನೆಗೆ ದೊಡ್ಡ ಹಸಿರು ಅಂಕಿ ಬೆಳಗುವ ಒಂದನ್ನು ಆರಿಸಿದೆವು. ವಾಚ್‌ಮನ್ ಹಳೆಯದನ್ನು ಬಿಚ್ಚಿದಾಗ ಹಿಂದೆ ಗೋಡೆಯಲ್ಲೊಂದು ತೂತು, ಅದರಿಂದ ಹೊರಬಂದ ವೈರುಗಳು. ಮತ್ತದೇ ಸಾಂಬ್ರಾಣಿ ವಾಸನೆ. ಹಳೆಯದನ್ನು ಕಸಕ್ಕೆ ಹಾಕಲು ಹೋದರೆ ಗಂಡ ಕೈ ಹಿಡಿದರು. ಹಳೆಯ ಚಾರ್ಜರು, ಹಳೆಯ ಬೀಗ ಇರುವ ಅವರ ಡ್ರಾಯರಿಗೆ ಅದೂ ಸೇರಿತು.

ಹೊಸದು ಬೆಳಗಿತು. ನಾನು ಇಪ್ಪತ್ತಾರು ಎಂದು ಒತ್ತಿದೆ. ಮನೆಯಲ್ಲಿ ಈಗಿರುವುದು ಮೂವತ್ತೊಂದು ಎಂದು ಅದು ತೋರಿಸಿತು. ಗಂಡ ಮಂಕಿ ಕ್ಯಾಪಿನೊಳಗಿನಿಂದ ಅದನ್ನೇ ನೋಡಿದರು. "ಮೂವತ್ತೊಂದಾ? ನನಗೆ ಹಲ್ಲು ಕಟಕಟಾ ಅಂತಿದೆ!" ಎ.ಸಿ. ಬುಸುಗುಡುತ್ತಲೇ ಇತ್ತು. ಹೊಸದೂ ಕೆಟ್ಟದ್ದೇ ಎಂದೆ ನಾನು. ಸಾಧ್ಯವೇ ಇಲ್ಲ, ಇದಕ್ಕೆ ವಾರಂಟಿ ಇದೆ ಎಂದರು ಅವರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮೂವತ್ತೊಂದು ತೋರಿಸುವ ಫೋಟೋ ಕಳಿಸಿ ಏನು ಪ್ರಯೋಜನ? ಇನ್ನಷ್ಟು ಅನುಮಾನ. ಮಾರನೆಯ ದಿನ ಗೋಡೆಯಾಚೆ ಪೆಟ್ಟಿಗೆ ಎಳೆಯುವ ಸದ್ದು ಕೇಳಿತು. ನನಗೆ ತಡೆಯಲಾಗಲಿಲ್ಲ. ಮಗುವಿಗೆಂದು ತಂದು ಕೊಡಲಾಗದೆ ಇಟ್ಟಿದ್ದ ಟೋಪಿ ಕಾಲುಚೀಲ ಹಿಡಿದು, ಬಿಸಿಲಿನಲ್ಲಿ ನೀರಿನ ಟ್ಯಾಂಕು ಸುತ್ತಿ, ಹಿತ್ತಲ ಬಾಗಿಲು ತಟ್ಟಿದೆ. ಜಗಳವಾದರೆ ಎದುರೆದುರೇ ಆಗಲಿ.

ಉಮ್ಮ ಬಾಗಿಲು ತೆರೆದರು. ನಗಲಿಲ್ಲ. ದಾರಿ ಮಾತ್ರ ಬಿಟ್ಟರು.

ಒಳಗೆ ಕಾಲಿಟ್ಟರೆ ಸೂರಿನಿಂದ ಕೊರೆಯುವ ಗಾಳಿ. ಅವಳು ಮಂಚದ ಮೇಲೆ ಎರಡು ರಜಾಯಿ ಹೊದ್ದು, ಕಿವಿಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ಎದೆಗವಚಿಕೊಂಡು ಕೂತಿದ್ದಳು. ನನ್ನನ್ನು ನೋಡಿದ್ದೇ ಅವಳ ಕಣ್ಣು ತುಂಬಿತು, ನನ್ನದೂ ತುಂಬಿತು. ಮಾತಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಕೋಣೆಯ ಮೂಲೆ ಕಣ್ಣಿಗೆ ಬಿತ್ತು. ನಮ್ಮಿಬ್ಬರ ನಡುವಿನ ಜಿಪ್ಸಮ್ ಗೋಡೆಗೆ ಒತ್ತಿಕೊಂಡು ಒಂದು ಎತ್ತರದ ರೂಮ್ ಹೀಟರು ಕೆಂಪಗೆ ಕಾದು ನಿಂತಿತ್ತು. ಜುಲೈ ತಿಂಗಳ ದೋಹಾದಲ್ಲಿ ಹೀಟರು! ಪಕ್ಕದಲ್ಲಿ ಕೆಂಡದ ಬಟ್ಟಲು, ಸಾಂಬ್ರಾಣಿ, ಹಗ್ಗದ ಮೇಲೆ ಒಣಹಾಕಿದ ಮಗುವಿನ ಬಟ್ಟೆ. ಹೀಟರಿನ ನೆತ್ತಿಯ ಮೇಲೆ, ಗೋಡೆಯಲ್ಲಿ, ಮುಷ್ಟಿಯಗಲದ ಒಂದು ತೂತು. ಅದರೊಳಗೆ ವೈರು.

ಆ ವೈರನ್ನು ನಾನು ಗುರುತು ಹಿಡಿದೆ. ಹಳೆಯ ಡಬ್ಬಿ ಬಿಚ್ಚಿದಾಗ ಗೋಡೆಯ ಆ ಬದಿಯಿಂದ ಇದನ್ನೇ ನೋಡಿದ್ದೆನಲ್ಲ!

"ಇದು ಯಾವಾಗಿಂದ ಇಲ್ಲಿದೆ?" ಎಂದು ಕೇಳಿದೆ.

"ಉಮ್ಮ ಬಂದ ದಿವಸದಿಂದ. ಬಾಣಂತಿಗೆ ಗಾಳಿ ತಾಗ್ಬಾರ್ದು ಅಂತ, ಇವರ ಅಕ್ಕನ ಮನೆಯಿಂದ ತರಿಸಿದ್ರು. ನಿಮ್ಮ ಕಡೆಯಿಂದ ಥಂಡಿ ಜೋರಾದ ಹಾಗೆ ಉಮ್ಮ ಹೀಟರು ಜೋರು ಮಾಡುದು" ಎಂದಳು.

ನಾನು ಗೋಡೆಗೊರಗಿ ನಗಲು ಶುರುಮಾಡಿದೆ. ನಗು ನಿಲ್ಲಲಿಲ್ಲ. ಉಮ್ಮ ನನಗೆ ಹುಚ್ಚು ಹಿಡಿಯಿತೇನೋ ಎನ್ನುವಂತೆ ನೋಡುತ್ತಿದ್ದರು. ಇವರು ಕಾಯಿಸಿದ ಬಿಸಿಗಾಳಿ ತೂತಿನಿಂದ ನೇರ ನನ್ನ ಥರ್ಮೋಸ್ಟಾಟಿನ ಬೆನ್ನಿಗೆ ಬಡಿಯುತ್ತಿತ್ತು. ಅಯ್ಯೋ, ಮನೆ ಉರಿಯುತ್ತಿದೆ ಎಂದುಕೊಂಡು ಅದು ಎ.ಸಿ.ಯನ್ನು ಓಡಿಸುತ್ತಿತ್ತು. ಎ.ಸಿ. ಓಡಿದಷ್ಟೂ ಇವರಿಗೆ ಚಳಿ. ಚಳಿಯಾದಷ್ಟೂ ಹೀಟರು ಜೋರು. ಮಗುವನ್ನು ಬೆಚ್ಚಗಿಡಲು ಹೊರಟ ಅಜ್ಜಿಯೇ ಮಗುವಿನ ಮೇಲೆ ಥಂಡಿ ಊದಿಸುತ್ತಿದ್ದರು, ನಡುವೆ ನಾನು ಪೆದ್ದಿಯ ಹಾಗೆ ಗುಂಡಿ ತಿರುಗಿಸುತ್ತಾ ಕೂತಿದ್ದೆ.

ಕೈಸನ್ನೆ ಮಾಡಿ, ಹೀಟರು ತೋರಿಸಿ, ಗೋಡೆ ತೋರಿಸಿ ಹೇಳಿದೆ. ಮಗಳು ಅವರ ಮಾತಿಗೆ ತಿರುಗಿಸಿ ಹೇಳಿದಳು. ಉಮ್ಮ ನಂಬಲಿಲ್ಲ. ನಾನು ಹೀಟರಿನ ಪ್ಲಗ್ಗು ಕಿತ್ತು, ಅದನ್ನು ಬಾಗಿಲಿನ ಹತ್ತಿರಕ್ಕೆ ಎಳೆದೆ. ತೂತಿಗೆ ಒಂದು ಬಟ್ಟೆ ತುರುಕಿದೆ. ಮೂವರೂ ಸೂರು ನೋಡುತ್ತಾ ಕೂತೆವು. ಮಗು ಒಮ್ಮೆ ಸೀನಿತು. ಬಹಳ ಹೊತ್ತಿನ ಮೇಲೆ ಗೋಡೆಯಾಚೆ, ನನ್ನ ಮನೆಯಲ್ಲಿ, ಟಕ್ ಎಂದಿತು. ಗಾಳಿ ನಿಂತಿತು.

ಉಮ್ಮ ಎದ್ದು ಬಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಅಷ್ಟರಲ್ಲಿ ನನಗೆ ಕಾವು ಏರಿ, ಹಣೆಯಿಂದ ಬೆವರು ಇಳಿಯುತ್ತಿತ್ತು. ಅವರು ತಮ್ಮ ತಲೆಬಟ್ಟೆಯ ಅಂಚಿನಿಂದ ಒರೆಸಿ, ತಮಗೆ ಬರುವ ಅಷ್ಟಿಷ್ಟು ಕನ್ನಡದಲ್ಲೇ ಕೇಳಿದರು.

"ನಿನಗೆ ಸೆಕೆ ಏರುದಾ, ಮಗಳೇ? ನನಗೂ ಹಾಗೇ ಆಗಿತ್ತು. ಎರಡು ವರ್ಷ. ಬಾವಿಕಟ್ಟೆಯಲ್ಲಿ ಹೋಗಿ ಕೂರುದು ನಾನು. ಆದ್ರೆ ಈ ಮಗುವಿಗೆ ಚಳಿ ಆಗುದಿಲ್ವಾ, ನೀನೇ ಹೇಳು."

ಇಷ್ಟು ದಿನದಲ್ಲಿ ನನ್ನ ಸೆಕೆಯನ್ನು ಕೇಳಿದವರು ಅವರೊಬ್ಬರೇ. ನಾನು ಅತ್ತುಬಿಟ್ಟೆ.

ಸಂಜೆ ಗಂಡನಿಗೆ ಎಲ್ಲ ಹೇಳಿದೆ. ತೂತು ಮುಚ್ಚಿದರಾಯಿತಲ್ಲ, ಮುಗಿಯಿತು ಎಂದರು ಅವರು. ನನಗೆ ಮುಗಿಯಲಿಲ್ಲ. ಇಷ್ಟು ದಿನ ಯಾವುದು, ಯಾವುದು ಎಂದು ಅಂಗಡಿ ಅಂಗಡಿ ಅಲೆದೆವು, ಯಾರ ಗೋಡೆಗೆ ಎಂದು ಯೋಚಿಸಲೇ ಇಲ್ಲ. ವೈರು ಅದೇ, ತೂತು ಅದೇ. ಆ ಕಡೆಗೆ ಎಳೆದುಕೊಂಡರೆ ಆ ಕಡೆಯದು.

"ಅವರ ಕಡೆ ಹಾಕಿಬಿಡೋಣ" ಎಂದೆ.

"ನಿನ್ನ ಸೆಕೆ?"

"ನಾನು ಫ್ರಿಜ್ಜಲ್ಲಿ ತಲೆ ಇಟ್ಕೋತೀನಿ. ಕೂಸನ್ನ ಫ್ರಿಜ್ಜಲ್ಲಿ ಇಡೋಕಾಗುತ್ತಾ?"

ವಾಚ್‌ಮನ್ ಮತ್ತೆ ಬಂದ. ಹಸಿರು ಅಂಕಿಯದನ್ನು ಉಮ್ಮನ ಗೋಡೆಗೆ ಹಾಕಿದರೆ ಅವರು ಅದರ ಹತ್ತಿರವೇ ಹೋಗಲಿಲ್ಲ. ಒತ್ತಿದರೆ ಏನೇನೋ ಬರ್ತದೆ, ನನಗೆ ತಿರುಗಿಸುವುದು ಬೇಕು ಎಂದರು. ಗಂಡ ಡ್ರಾಯರಿನಿಂದ ಹಳೆಯ ಹಳದಿ ಡಬ್ಬಿಯನ್ನು ತಂದರು. ಅದು ಕೆಟ್ಟೇ ಇರಲಿಲ್ಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆವು. ಉಮ್ಮ ಗುಂಡಿಯನ್ನು ಇಪ್ಪತ್ತೆಂಟಕ್ಕೆ ತಿರುಗಿಸಿ, "ಸಾಕು" ಎಂದರು. ಹಸಿರು ಅಂಕಿಯದು ಈಗ ನಮ್ಮ ಡ್ರಾಯರಿನಲ್ಲಿದೆ, ವಾರಂಟಿ ಸಮೇತ.

ಆಮೇಲಿನ ದಿನಗಳನ್ನು ಹೇಗೆ ಕಳೆದೆ ಎಂದು ಕೇಳಬೇಡಿ. ಇಪ್ಪತ್ತೆಂಟು! ಟೇಬಲ್ ಫ್ಯಾನು, ಒದ್ದೆ ಟವೆಲು, ಟೈಲ್ಸಿನ ಮೇಲೆ ಬರಿಗಾಲಿನ ಓಡಾಟ. ಗಂಡ ಸ್ವೆಟರು ಬಿಚ್ಚಿ ಲವಲವಿಕೆಯಿಂದ ಓಡಾಡುವುದನ್ನು ಕಂಡರೇ ಸಿಟ್ಟು ಬರುತ್ತಿತ್ತು. ಎಷ್ಟೋ ಸಲ, ಹೋಗಿ ಸ್ವಲ್ಪ ಇಳಿಸಿ ಎಂದು ಕೇಳಿಬಿಡೋಣ ಎನ್ನಿಸಿ ಬಾಗಿಲವರೆಗೆ ಹೋಗಿ ತಿರುಗಿ ಬಂದಿದ್ದೇನೆ. ಆದರೆ ಮಧ್ಯಾಹ್ನವಾದರೆ ಗೋಡೆಗೆ ಎರಡು ಏಟು ಬೀಳುತ್ತಿತ್ತು. ಮೊದಲಿಗಿಂತ ದಪ್ಪ ಕೈಯ ಏಟು. ಟ್ಯಾಂಕು ಸುತ್ತಿ ಹೋದರೆ ಉಮ್ಮ ಪುನರ್ಪುಳಿಯ ಶರಬತ್ತು ಮಾಡಿಟ್ಟಿರುತ್ತಿದ್ದರು, ಊರಿನಿಂದ ತಂದ ಒಣ ಸಿಪ್ಪೆ ನೆನೆಸಿದ್ದು. ಒಂದು ದಿನ ಮಗಳಿಗೆ ಎಣ್ಣೆ ಹಾಕಿ ಮುಗಿದ ಮೇಲೆ ಕೈಯಲ್ಲಿ ಉಳಿದ ಎಣ್ಣೆಯನ್ನು ನನ್ನ ನೆತ್ತಿಗೆ ತಟ್ಟಿದರು. ನಾನು ಕೇಳಿರಲಿಲ್ಲ. ತಲೆ ತಗ್ಗಿಸಿ ಕೂತುಕೊಂಡೆ, ಏಳಬೇಕೆನಿಸಲಿಲ್ಲ. ಆ ಬೇಸಿಗೆಯಲ್ಲಿ ನಾನು ಸುಮ್ಮನೆ ಕೂತದ್ದು ಅಷ್ಟೇ ಹೊತ್ತು.

ಮನ್ಸೂರಾದ ಮಾತು ಮತ್ತೆ ಬರಲಿಲ್ಲ. ಪೆಟ್ಟಿಗೆ ಮತ್ತೆ ಸದ್ದು ಮಾಡಿದ್ದು ಬಾಣಂತನದ ನಲವತ್ತು ದಿನ ಕಳೆದು ಉಮ್ಮ ಊರಿಗೆ ಹೊರಟಾಗ. ಗೇಟಿನ ಹತ್ತಿರ ಅಳಿಯನ ಕಾರು ನಿಂತಿತ್ತು. ಅವರು ಕಾರು ಹತ್ತಿದವರು ಏನೋ ಮರೆತೆ ಎಂದು ಇಳಿದು ಒಳಗೆ ಹೋಗಿ ಬಂದರು. ನನ್ನ ಕೈ ಹಿಡಿದು, "ಹುಷಾರು, ಮಗಳೇ" ಎಂದರು. ಕಾರು ತಿರುವಿನಲ್ಲಿ ಮರೆಯಾಯಿತು.

ನಾನು ಮನೆಗೆ ಬಂದು, ಮಾಡಲು ಕೆಲಸವಿಲ್ಲದೆ, ಹಾಲಿನ ನಡುವೆ ನಿಂತೆ. ಸೂರಿನಿಂದ ಗಾಳಿ ಬೀಸತೊಡಗಿತು. ತಂಪು ಗಾಳಿ. ನಿಲ್ಲಲಿಲ್ಲ, ಬೀಸುತ್ತಲೇ ಇತ್ತು. ನೆತ್ತಿ, ಕಿವಿ, ಕುತ್ತಿಗೆ ಎಲ್ಲ ತಣ್ಣಗಾದವು. ಉಮ್ಮ ಮರೆತು ಒಳಗೆ ಹೋದದ್ದು ಏನೆಂದು ಆಗ ತಿಳಿಯಿತು. ಗುಂಡಿಯನ್ನು ನನ್ನ ಇಪ್ಪತ್ತಕ್ಕೆ ತಿರುಗಿಸಿ ಹೋಗಿದ್ದರು.

ಸ್ವಲ್ಪ ಹೊತ್ತು ಆ ಗಾಳಿಯ ಕೆಳಗೆ ಕಣ್ಣು ಮುಚ್ಚಿ ನಿಂತೆ. ಗೋಡೆಯಾಚೆ ಮಗು ಸೀನಿತು. ನಾನು ಹೋಗಿ ಗೋಡೆಗೆ ಎರಡು ಸಲ ಕುಟ್ಟಿದೆ.

"ಏನಕ್ಕಾ?"

"ಇಪ್ಪತ್ತಾರಕ್ಕೆ ತಿರುಗಿಸೇ. ಕೂಸಿಗೆ ಚಳಿಯಾಗುತ್ತೆ."

"ಉಮ್ಮ ಮುಟ್ಬೇಡ ಅಂತ ಹೇಳಿ ಹೋಗಿದ್ದಾರೆ, ಅಕ್ಕ" ಎಂದಳು. ಅವಳ ದನಿ ಒಡೆದಿತ್ತು.

"ಉಮ್ಮ ಹೋದ್ರಲ್ಲ, ಈಗ ನಾನು ಹೇಳ್ತಿದೀನಿ. ತಿರುಗಿಸು. ತಿರುಗಿಸಿ ಚಹಾಕ್ಕಿಡು, ಬಂದೆ."